ಹೊಲಕ್ಕೆ ಇಳಿದದ್ದು ಲಾಂಛನಕ್ಕೆ ಏರಬಾರದೇ?

ಊರಿಗೊಂದು ಲಾಂಛನ ಬೇಕು ಅನ್ನುವ ಮಾತು ಬಂದರೆ ನಮ್ಮ ಕಡೆ ಚರ್ಚೆ ಬಹಳ ಹೊತ್ತು ನಡೆಯುವುದಿಲ್ಲ. ಕೋಟೆಯಿದ್ದರೆ ಕೋಟೆ, ಹಳೆಯ ಗುಡಿಯಿದ್ದರೆ ಗುಡಿ, ಎರಡೂ ಇಲ್ಲದ ಊರಿಗೆ ಭತ್ತದ ತೆನೆ ಇಲ್ಲವೇ ಬಿರಿದ ಹತ್ತಿಕಾಯಿ. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಆಹ್ವಾನ ಪತ್ರಿಕೆಯಿಂದ ಹಿಡಿದು ಊರ ಮುಂದಿನ ಸ್ವಾಗತ ಕಮಾನಿನವರೆಗೆ ಇದೇ ಪಟ್ಟಿ ನಡೆದುಬಂದಿದೆ. ಇದರ ಹಿಂದೆ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರೂ ಒಪ್ಪಿಕೊಂಡ ಮೂರು ಷರತ್ತುಗಳಿವೆ. ಲಾಂಛನವಾಗುವ ವಸ್ತು ಹಳೆಯದಾಗಿರಬೇಕು. ರಾಜನದೋ ದೇವರದೋ ಆಗಿರಬೇಕು. ಈ ನೆಲದಲ್ಲೇ ಹುಟ್ಟಿದ್ದಾಗಿರಬೇಕು. ಇಂಥ ಸಭೆಯಲ್ಲಿ ಯಾರಾದರೂ ಎದ್ದು ನಿಂತು, ನಮ್ಮೂರ ಲಾಂಛನದಲ್ಲಿ ಒಂದು ಪ್ಯಾರಾಚೂಟ್ ಇರಲಿ ಅಂದರೆ ಜನ ನಗುತ್ತಾರೆ. ಆ ನಗು ತಪ್ಪು ಎಂದು ವಾದಿಸುವುದಕ್ಕೇ ಈ ಬರಹ. ನಮ್ಮ ಕಲ್ಯಾಣ ಕರ್ನಾಟಕದ ಒಂದು ಊರಿಗಾದರೂ ಪ್ಯಾರಾಚೂಟ್ ಅತ್ಯಂತ ನ್ಯಾಯವಾದ ಲಾಂಛನ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಊರು ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ. 2025ರ ಜನವರಿ 18ರ ಶನಿವಾರ ಬೆಳಿಗ್ಗೆ ಅಲ್ಲಿಯ ಒಂದು ಮನೆಯ ಮೇಲೆ ಆಕಾಶದಿಂದ ಭಾರೀ ಬಲೂನೊಂದು ಬಂದು ಬಿತ್ತು, ಜೊತೆಗೆ ಉಪಕರಣಗಳಿದ್ದವು. ಊರಿನ ಜನ ಗಾಬರಿಯಾದರು, ಪೊಲೀಸರು ಬಂದರು. ಇದು ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಹಾರಿಬಿಟ್ಟ ಸಂಶೋಧನಾ ಬಲೂನು ಎಂದು ಆಮೇಲೆ ತಿಳಿಯಿತು. ಇಂಥ ಬಲೂನಿನ ಉಪಕರಣಗಳು ನೆಲಕ್ಕಿಳಿಯುವುದು ಪ್ಯಾರಾಚೂಟಿನಲ್ಲಿ. ಟಿವಿಯವರಿಗೆ ಅದು ಒಂದು ದಿನದ ಸುದ್ದಿ. ‘ಆಕಾಶದಿಂದ ಬಿದ್ದ ನಿಗೂಢ ವಸ್ತು, ಬೆಚ್ಚಿಬಿದ್ದ ಗ್ರಾಮಸ್ಥರು’ ಅನ್ನುವ ಧಾಟಿಯಲ್ಲಿ ಹೇಳಿ ಮುಗಿಸಿದರು. ಜಲಸಂಗಿಗೆ ಇದಕ್ಕೂ ಮುಂಚೆ ಬೇರೆಯದೇ ಕಾರಣಕ್ಕೆ ಹೆಸರಿತ್ತು. ಅಲ್ಲಿಯ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಮೈಯನ್ನು ಒಂದು ಕಡೆಗೆ ಬಳುಕಿಸಿ ನಿಂತು, ಫಲಕದ ಮೇಲೆ ಅಕ್ಷರ ಮೂಡಿಸುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಜಲಸಂಗಿಗೆ ಲಾಂಛನ ಬೇಕೆಂದರೆ ನೂರಕ್ಕೆ ನೂರು ಮಂದಿ ಆ ಶಿಲಾಬಾಲಿಕೆಯನ್ನೇ ಆರಿಸುತ್ತಾರೆ. ಅವಳ ಚೆಲುವಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಅವಳ ಪಕ್ಕದಲ್ಲಿ ಪ್ಯಾರಾಚೂಟಿಗೆ ಜಾಗವಿಲ್ಲ ಅನ್ನುವ ನಂಬಿಕೆಯ ಬಗ್ಗೆ ಮಾತ್ರ ತಕರಾರಿದೆ. ಆ ನಂಬಿಕೆಯ ಮೂರೂ ಷರತ್ತುಗಳನ್ನು ಒಂದೊಂದಾಗಿ ನೋಡೋಣ.

ಮೊದಲು, ಲಾಂಛನ ಈ ನೆಲದಲ್ಲೇ ಹುಟ್ಟಿರಬೇಕು ಅನ್ನುವುದು. ಇಂದು ರಾಯಚೂರು, ಮಾನ್ವಿ, ದೇವದುರ್ಗದ ಪ್ರತಿ ಸರ್ಕಾರಿ ಕಾಗದದ ಮೇಲೂ ಗಂಡಭೇರುಂಡವಿದೆ. ಬಾಗಲವಾಡದಂಥ ಹಳ್ಳಿಯ ರೈತನ ಪಹಣಿಯಿಂದ ಹಿಡಿದು ಪಂಚಾಯಿತಿಯ ಠರಾವಿನವರೆಗೆ ಅದೇ ಮುದ್ರೆ. ಆದರೆ ಈ ಮುದ್ರೆ ನಮ್ಮ ಅಜ್ಜಂದಿರ ಕಾಲದ ದಫ್ತರಗಳಲ್ಲಿ ಇರಲಿಲ್ಲ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಮೈಸೂರು ಒಡೆಯರ ಮನೆತನದ ಈ ಹಕ್ಕಿ ಏಕೀಕರಣದ ಜೊತೆಗೆ ನಮ್ಮಲ್ಲಿಗೆ ಬಂತು. ವಿಜಯನಗರದ ನಾಣ್ಯಗಳಲ್ಲಿ ಅದು ಇತ್ತು, ಕ್ರಿ.ಶ. 1047ರ ಹೊತ್ತಿಗೇ ಬಳ್ಳಿಗಾವಿಯಲ್ಲಿ ಅದಕ್ಕೊಂದು ಕಂಬವಿತ್ತು ಎನ್ನುವುದು ನಿಜ. ಹಾಗಿದ್ದರೂ ನಮ್ಮ ಸೀಮೆಯ ಜನ ಅದನ್ನು ತಮ್ಮದೆಂದು ಒಪ್ಪಿದ್ದು ನಾಣ್ಯಶಾಸ್ತ್ರ ಓದಿಯಲ್ಲ. ಕನ್ನಡದ ರಾಜ್ಯ ಬೇಕು ಎಂದು ಹೋರಾಡಿದವರಿಗೆ ಅದು ಆ ರಾಜ್ಯದ ಗುರುತಾಗಿ ಕಂಡಿತು, ಒಪ್ಪಿಕೊಂಡರು. ಹುಟ್ಟಿದ ಜಾಗ ಮುಖ್ಯವಾಗಿದ್ದರೆ ಗಂಡಭೇರುಂಡ ತುಂಗಭದ್ರೆ ದಾಟುತ್ತಲೇ ಇರಲಿಲ್ಲ. ಹೊರಗಿನಿಂದ ಬಂದದ್ದನ್ನು ನಮ್ಮದಾಗಿಸಿಕೊಳ್ಳುವ ಶಕ್ತಿ ನಮಗೆ ಆಗಲೇ ಇತ್ತು.

ಎರಡನೆಯದು, ಲಾಂಛನ ದೊಡ್ಡವರದಾಗಿರಬೇಕು, ಅದರಲ್ಲಿ ಯಂತ್ರ ತಂತ್ರಗಳಿಗೆ ಜಾಗವಿಲ್ಲ ಅನ್ನುವುದು. ಇದಕ್ಕೆ ಉತ್ತರ ರಾಯಚೂರು ಕೋಟೆಯಲ್ಲೇ ಇದೆ. ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲುಹಾಸು ಇದೆ. ಅದರ ಮೇಲೆ, ಗೋರೆ ಗಂಗಯ್ಯ ಎಂಬಾತ ಕೋಟೆ ಕಟ್ಟಿಸಿದ ವಿವರದ 1294ರ ತೆಲುಗು ಶಾಸನ. ಬಂದವರೆಲ್ಲ ಆ ಕಲ್ಲಿನ ಉದ್ದಕ್ಕೆ ಬೆರಗಾಗಿ ಹೋಗುತ್ತಾರೆ. ಅದೇ ಗೋಡೆಯಲ್ಲಿ ಗೀರಿದ ಚಿತ್ರವೊಂದನ್ನು ನಿಂತು ನೋಡುವವರು ಕಡಿಮೆ. ದೊಡ್ಡ ಗಾಲಿಗಳ ಬಂಡಿ, ಬಂಡಿಯ ಮೇಲೆ ಈ ಕಲ್ಲು, ಮುಂದೆ ಸಾಲುಗಟ್ಟಿದ ಕೋಣಗಳು. ಕೋಣಗಳನ್ನು ಹುರಿದುಂಬಿಸುವ ಜನ, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುವ ಜನ. ಈ ಕಲ್ಲು ಇಲ್ಲಿಗೆ ಹೇಗೆ ಬಂತು ಎಂಬುದನ್ನು ಕಲ್ಲು ತಂದವರೇ ಬರೆದಿಟ್ಟಂತಿದೆ. ಅರಸನ ಹೆಸರು ಅಕ್ಷರದಲ್ಲಿದೆ, ಕೆಲಸದ ಬಗೆ ಚಿತ್ರದಲ್ಲಿದೆ. ಏಳುನೂರು ವರ್ಷಕ್ಕೂ ಹಿಂದೆ ನಮ್ಮ ಊರಿನ ಗೋಡೆ ತನ್ನ ಕಾಲದ ತಂತ್ರಜ್ಞಾನವನ್ನು, ಅದನ್ನು ನಡೆಸಿದ ಹೆಸರಿಲ್ಲದ ಕೈಗಳನ್ನು ಮೆರೆಸಿತ್ತು. ಹಾಗಾದರೆ ನಮ್ಮ ಕಾಲದ ಒಂದು ತಂತ್ರ ಊರಿನ ಲಾಂಛನದಲ್ಲಿ ಬಂದರೆ ಸಂಪ್ರದಾಯ ಹೇಗೆ ಮುರಿಯುತ್ತದೆ? ಕೋಟೆಯ ಬಾಗಿಲನ್ನು ಮಾತ್ರ ಲಾಂಛನಕ್ಕೆ ತೆಗೆದುಕೊಂಡು ಕೋಣಬಂಡಿಯನ್ನು ಬಿಟ್ಟವರು ನಾವು. ನಮ್ಮ ಹಿರಿಯರು ಬಿಟ್ಟಿರಲಿಲ್ಲ.

ಮೂರನೆಯದು, ಹಳೆಯದಾಗಿರಬೇಕು ಅನ್ನುವುದು. ಇದಕ್ಕೆ ಉತ್ತರ ಕೊಡುವ ಊರು ಫ್ರಾನ್ಸಿನ ನಾರ್ಮಂಡಿಯಲ್ಲಿದೆ, ಹೆಸರು ಸಾಂತ್ ಮೇರ್ ಎಗ್ಲೀಸ್. 1944ರ ಜೂನ್ 6ರ ನಸುಕಿಗೆ ಮುಂಚೆ ಅಮೆರಿಕದ ಪ್ಯಾರಾಚೂಟ್ ಸೈನಿಕರು ಆ ಊರ ಮೇಲೆ ಇಳಿದರು. ಜಾನ್ ಸ್ಟೀಲ್ ಎಂಬ ಸೈನಿಕನ ಪ್ಯಾರಾಚೂಟ್ ಚರ್ಚಿನ ಗೋಪುರಕ್ಕೆ ಸಿಕ್ಕಿಕೊಂಡಿತು. ಕೆಳಗೆ ಗುಂಡಿನ ಕಾಳಗ ನಡೆಯುತ್ತಿದ್ದಾಗ ಆತ ಸತ್ತವನಂತೆ ನೇತಾಡುತ್ತ ಬದುಕಿಕೊಂಡ. ಇಂದಿಗೂ ಆ ಗೋಪುರಕ್ಕೆ ಪ್ಯಾರಾಚೂಟ್ ಸಮೇತ ಅವನ ಬೊಂಬೆಯನ್ನು ತೂಗುಬಿಟ್ಟಿದ್ದಾರೆ. ಪ್ರವಾಸಿಗರು ಫೋಟೊ ತೆಗೆಯುವುದು ಅದನ್ನೇ. ನನಗೆ ಮುಖ್ಯವಾಗಿ ಕಾಣುವುದು ಚರ್ಚಿನ ಒಳಗಿನ ಗಾಜು. ಮಗುವನ್ನು ಎತ್ತಿಕೊಂಡ ಮೇರಿ ತಾಯಿಯ ಸುತ್ತ ಪ್ಯಾರಾಚೂಟ್ ಸೈನಿಕರು ಇಳಿಯುತ್ತಿರುವ ಬಣ್ಣದ ಗಾಜಿನ ಚಿತ್ರ ಅದು. ಅದನ್ನು ಕಲ್ಪಿಸಿದವನು ಅದೇ ಊರಿನ ಹುಡುಗ ಪಾಲ್ ರೆನೊ. ಊರಿನ ಮೇಯರ್ ಆಗಿದ್ದ ಅಲೆಕ್ಸಾಂಡ್ರ್ ರೆನೊ ಅವನ ತಂದೆ. ಶತಮಾನಗಳ ಹಳೆಯ ಗುಡಿಯ ಬೆಳಕಿನ ಕಿಂಡಿಯಲ್ಲಿ ಹೊಚ್ಚಹೊಸ ಪ್ಯಾರಾಚೂಟಿಗೆ ಜಾಗ ಸಿಕ್ಕಿತು, ಯಾರಿಗೂ ಅದು ಅಪಚಾರವೆನಿಸಲಿಲ್ಲ.

ಯಾಕೆ ಅನಿಸಲಿಲ್ಲ? ಆ ಊರು ಪ್ಯಾರಾಚೂಟ್ ಇಳಿದದ್ದನ್ನು ನೋಡಿ ಸುಮ್ಮನೆ ಕೂರಲಿಲ್ಲ. ಮೇಯರನ ಹೆಂಡತಿ ಸಿಮೋನ್ ರೆನೊ ಸತ್ತ ಸೈನಿಕರ ಗೋರಿಗಳಿಗೆ ಹೂವಿಟ್ಟರು. ಮಕ್ಕಳ ಗೋರಿ ಎಲ್ಲಿದೆ ಎಂದು ತಿಳಿಯದೆ ಸಂಕಟಪಡುತ್ತಿದ್ದ ಅಮೆರಿಕದ ತಾಯಂದಿರಿಗೆ ವರ್ಷಗಟ್ಟಲೆ ಕಾಗದ ಬರೆದರು. ಹೊರಗಿನಿಂದ ಇಳಿದ ವಸ್ತುವಿನ ಹೊಣೆಯನ್ನು ಊರು ಹೊತ್ತುಕೊಂಡಿತು. ಆ ಹೊಣೆಯೇ ಪ್ಯಾರಾಚೂಟನ್ನು ಅವರದಾಗಿಸಿತು. ಲಾಂಛನಕ್ಕೆ ನಾನು ಒಪ್ಪುವ ಒಂದೇ ಪರೀಕ್ಷೆ ಇದು: ಈ ವಸ್ತುವಿನ ಜೊತೆ ಊರಿನ ಜನ ಏನು ಮಾಡಿದರು? ಎಷ್ಟು ಹಳೆಯದು, ಯಾರದು, ಎಲ್ಲಿಯದು ಎಂಬ ಪ್ರಶ್ನೆಗಳೆಲ್ಲ ಅದರ ಆಮೇಲೆ.

ಈಗ ಜಲಸಂಗಿಗೆ ಮರಳೋಣ. ನಾರ್ಮಂಡಿಯದು ಯುದ್ಧ, ಇತಿಹಾಸ. ಇಲ್ಲಿ ಬಿದ್ದದ್ದು ಯಾರೋ ಹಾರಿಬಿಟ್ಟ ಪ್ಲಾಸ್ಟಿಕ್ಕು, ಇದರಲ್ಲಿ ಊರಿನ ಪಾಲೇನು ಎಂದು ಕೇಳುವವರಿದ್ದಾರೆ. ಪಾಲು ಬಹಳ ಇದೆ. ಆ ಬಲೂನಿನ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದರೆ ಇದು ಗೊತ್ತಾಗುತ್ತದೆ.

ಹೈದರಾಬಾದಿನ ಇಸಿಐಎಲ್ ಪ್ರದೇಶದಲ್ಲಿರುವ ಟಿಐಎಫ್‌ಆರ್ ಬಲೂನು ಕೇಂದ್ರದಿಂದ ದಶಕಗಳಿಂದ ಈ ಹಾರಾಟಗಳು ನಡೆಯುತ್ತಿವೆ. ಬಲೂನು ಮನುಷ್ಯನ ಕೂದಲಿಗಿಂತ ತೆಳುವಾದ ಪಾಲಿಥೀನ್ ಹಾಳೆಯದು. ಒಳಗೆ ತುಂಬುವುದು ಹೈಡ್ರೋಜನ್. ಸಾಮಾನ್ಯವಾಗಿ ರಾತ್ರಿಯಿಂದ ಬೆಳಗಿನ ಜಾವದೊಳಗೆ ಬಿಡುತ್ತಾರೆ. ಅದು ಮೂವತ್ತು ನಲವತ್ತು ಕಿಲೋಮೀಟರ್ ಎತ್ತರಕ್ಕೆ ಏರುತ್ತದೆ. ವಿಮಾನಗಳು ಹಾರುವುದಕ್ಕಿಂತ ಮೂರು ನಾಲ್ಕು ಪಟ್ಟು ಮೇಲೆ. ಅಲ್ಲಿ ಗಾಳಿಯೇ ಅಷ್ಟಕ್ಕಷ್ಟೆ. ಆ ಎತ್ತರದಲ್ಲಿ ಉಪಕರಣಗಳು ನಕ್ಷತ್ರಗಳಿಂದ ಬರುವ ಕ್ಷಕಿರಣಗಳನ್ನು ಅಳೆಯುತ್ತವೆ, ಗಾಳಿಯ ಮಾದರಿ ಹಿಡಿಯುತ್ತವೆ. ಹೈದರಾಬಾದ್ ಭೂಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಇಲ್ಲಿ ವಿಶ್ವಕಿರಣಗಳ ಕಾಟ ಕಡಿಮೆ, ಅಳತೆ ಚೊಕ್ಕ. ಕೆಲಸ ಮುಗಿದ ಮೇಲೆ ನೆಲದಿಂದ ರೇಡಿಯೊ ಸಂಕೇತ ಕೊಟ್ಟು ಉಪಕರಣದ ಪೆಟ್ಟಿಗೆಯನ್ನು ಬಲೂನಿನಿಂದ ಬೇರ್ಪಡಿಸುತ್ತಾರೆ. ಬಣ್ಣಬಣ್ಣದ ಪ್ಯಾರಾಚೂಟ್ ಬಿಚ್ಚಿಕೊಂಡು, ಉದ್ದನೆಯ ಹಗ್ಗದ ತುದಿಯಲ್ಲಿ ಪೆಟ್ಟಿಗೆ ಕೆಳಗಿಳಿಯುತ್ತದೆ. ಎಲ್ಲಿ ಇಳಿಯುತ್ತದೆ ಎಂಬುದು ಗಾಳಿಯ ಮರ್ಜಿ. ಹೈದರಾಬಾದಿನಿಂದ ಇನ್ನೂರು ಮುನ್ನೂರು ಕಿಲೋಮೀಟರ್ ದೂರದ ಹೊಲವೂ ಆಗಬಹುದು. ತೆಲಂಗಾಣ, ಮಹಾರಾಷ್ಟ್ರದ ಜಿಲ್ಲೆಗಳ ಜೊತೆಗೆ ನಮ್ಮ ಬೀದರ್, ಕಲಬುರಗಿ, ಯಾದಗಿರಿ, ವಿಜಯಪುರದ ಕಪ್ಪು ನೆಲವೂ ಆ ಇಳಿದಾಣದ ಅಂಗಳ.

ಇಲ್ಲಿಂದ ಮುಂದಿನ ಕೆಲಸ ವಿಜ್ಞಾನಿಯ ಕೈಯಲ್ಲಿಲ್ಲ. ಅದಕ್ಕೇ ಹಾರಾಟದ ಕಾಲದಲ್ಲಿ ಸಂಸ್ಥೆ ಪ್ರಕಟಣೆ ಹೊರಡಿಸುತ್ತದೆ. ಪ್ಯಾರಾಚೂಟ್ ಕಂಡರೆ ಎಳೆಯಬೇಡಿ, ಪೆಟ್ಟಿಗೆ ಬಿಚ್ಚಬೇಡಿ, ಕೆಲವು ಉಪಕರಣಗಳಲ್ಲಿ ಹೆಚ್ಚಿನ ವಿದ್ಯುತ್ ಇರುತ್ತದೆ, ಹತ್ತಿರದ ಪೊಲೀಸ್ ಠಾಣೆಗೋ ಅಂಚೆ ಕಚೇರಿಗೋ ತಿಳಿಸಿ ಎಂದು ಬೇಡಿಕೊಳ್ಳುತ್ತದೆ. ಹಾಳಾಗದಂತೆ ಕಾಪಾಡಿ ಸುದ್ದಿ ಮುಟ್ಟಿಸಿದವರಿಗೆ ಬಹುಮಾನವನ್ನೂ ಕೊಡುತ್ತದೆ. ಆ ಪ್ರಕಟಣೆಯನ್ನು ನಾನು ಒಂದು ಒಪ್ಪಂದದ ಪತ್ರವಾಗಿ ಓದುತ್ತೇನೆ. ದೇಶದ ಅತಿ ದೊಡ್ಡ ಸಂಶೋಧನಾ ಸಂಸ್ಥೆಯೊಂದು, ತೊಗರಿ ಹೊಲದಲ್ಲಿ ನಿಂತ ರೈತನಿಗೆ, ನನ್ನ ವರ್ಷಗಟ್ಟಲೆ ದುಡಿಮೆ ಈಗ ನಿನ್ನ ಕೈಯಲ್ಲಿದೆ ಎಂದು ಒಪ್ಪಿಕೊಂಡ ಪತ್ರ ಅದು. ತಾಮ್ರದ ತಂತಿ, ಗಟ್ಟಿ ಹಗ್ಗ, ಪ್ಯಾರಾಚೂಟಿನ ಬಟ್ಟೆ, ಎಲ್ಲವೂ ಬಡ ಮನೆಗೆ ಬೆಲೆಯುಳ್ಳ ಸಾಮಾನುಗಳೇ. ಅವನ್ನು ಮುಟ್ಟದೆ ಠಾಣೆಗೆ ನಡೆಯುವ ಹಳ್ಳಿಗನಿಲ್ಲದಿದ್ದರೆ ಈ ವಿಜ್ಞಾನವಿಲ್ಲ.

ಇದು ಭಾವುಕತೆಯ ಮಾತಾಗದಿರಲಿ ಎಂದು ಒಂದು ಉದಾಹರಣೆ ಕೊಡುತ್ತೇನೆ. 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಹಾರಿದ ಬಲೂನು 459 ಕಿಲೋ ತೂಕದ ಉಪಕರಣ ಹೊತ್ತಿತ್ತು. ದ್ರವರೂಪದ ನಿಯಾನ್‌ನಲ್ಲಿ ತಂಪಾಗಿಟ್ಟ ಉಕ್ಕಿನ ಕೊಳವೆಗಳು 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದುಕೊಂಡವು. ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿದು ಸುರಕ್ಷಿತವಾಗಿ ಕೈಸೇರಿತು. ಹೈದರಾಬಾದ್ ಮತ್ತು ಪುಣೆಯ ಪ್ರಯೋಗಾಲಯಗಳಲ್ಲಿ ಪರೀಕ್ಷೆ ನಡೆಯಿತು. 2009ರ ಮಾರ್ಚ್‌ನಲ್ಲಿ ಇಸ್ರೊ, ಹಿಂದೆ ಭೂಮಿಯ ಮೇಲೆ ಎಲ್ಲೂ ಗುರುತಿಸಿರದ ಮೂರು ಬ್ಯಾಕ್ಟೀರಿಯಾ ಪ್ರಭೇದಗಳು ಸಿಕ್ಕಿವೆ ಎಂದು ಪ್ರಕಟಿಸಿತು. ಒಂದಕ್ಕೆ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಹೆಸರು, ಇನ್ನೊಂದಕ್ಕೆ ಇಸ್ರೊ ಹೆಸರು, ಮತ್ತೊಂದಕ್ಕೆ ಆರ್ಯಭಟನ ಹೆಸರು. ಮೂರೂ ತಕ್ಕ ಹೆಸರುಗಳೇ. ಆದರೆ ಪೆಟ್ಟಿಗೆ ಇಳಿದ ನೆಲದ ಹೆಸರು ಆ ಪಟ್ಟಿಯಲ್ಲಿ ಇಲ್ಲ. 2015ರಲ್ಲಿ ಕಕ್ಷೆಗೆ ಸೇರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಕ್ಷಕಿರಣ ಉಪಕರಣದ ಬೇರುಗಳೂ ಇಂಥ ಬಲೂನು ಪ್ರಯೋಗಗಳಲ್ಲೇ ಇವೆ. ಇಷ್ಟಾದರೂ ನಮ್ಮ ಸೀಮೆಯನ್ನು ‘ಹಿಂದುಳಿದ ಪ್ರದೇಶ’ ಎಂದು ಕರೆಯುವ ವರದಿಗಳಲ್ಲಿ ಈ ಋಣದ ಪ್ರಸ್ತಾಪ ಬರುವುದಿಲ್ಲ. ಬೆಚ್ಚಿಬಿದ್ದ ಗ್ರಾಮಸ್ಥರು ಎಂಬ ಚಿತ್ರವೊಂದೇ ಉಳಿಯುತ್ತದೆ. ಊರಿನ ಲಾಂಛನದಲ್ಲಿ ಪ್ಯಾರಾಚೂಟ್ ಬರೆದರೆ ಆ ಚಿತ್ರ ತಿರುಗಿ ನಿಲ್ಲುತ್ತದೆ. ಬಿದ್ದದ್ದನ್ನು ಕಾಪಾಡಿ ಕೊಟ್ಟವರು ನಾವು ಎಂದು ಊರು ಹೇಳಿಕೊಂಡಂತಾಗುತ್ತದೆ.

ಪ್ಯಾರಾಚೂಟ್ ಪರವಾಗಿ ಮಾತಾಡುವ ಇನ್ನೊಂದು ಗುಂಪಿದೆ. ಅವರಿಂದ ನಾನು ದೂರ ನಿಲ್ಲುತ್ತೇನೆ. ಸಾಹಸ ಪ್ರವಾಸೋದ್ಯಮ ತಂದರೆ ಊರಿಗೆ ಹೆಸರು ಬರುತ್ತದೆ, ಸ್ಕೈಡೈವಿಂಗ್ ಶುರುಮಾಡಿ, ಲೋಗೊ ಮಾಡಿಸಿ, ‘ಬ್ರ್ಯಾಂಡ್’ ಕಟ್ಟಿ ಅನ್ನುವವರು ಇವರು. ಮೈಸೂರಿನಲ್ಲಿ ಹಣ ಕೊಟ್ಟು ವಿಮಾನದಿಂದ ಜಿಗಿಯುವ ಶಿಬಿರಗಳು ನಡೆದಿವೆ. ದಸರಾ ವೈಮಾನಿಕ ಪ್ರದರ್ಶನದಲ್ಲಿ ವಾಯುಪಡೆಯ ಆಕಾಶಗಂಗಾ ತಂಡ ತ್ರಿವರ್ಣ ಹಿಡಿದು ಇಳಿದಾಗ ಜನಸಾಗರ ಚಪ್ಪಾಳೆ ತಟ್ಟಿದೆ. ಸೊಗಸಾದ ನೋಟ, ಸಂದೇಹವಿಲ್ಲ. ಆದರೆ ಮೈಸೂರಿನ ಗುರುತಾಗಿ ಅದು ಉಳಿಯಲಿಲ್ಲ, ಉಳಿಯಬೇಕಾಗಿಯೂ ಇಲ್ಲ, ಏಕೆಂದರೆ ಊರಿಗೆ ಅಲ್ಲಿ ನೋಡುವ ಕೆಲಸ ಬಿಟ್ಟು ಬೇರೆ ಕೆಲಸವಿರಲಿಲ್ಲ. ಬೆಂಗಳೂರನ್ನೇ ತೆಗೆದುಕೊಳ್ಳಿ. ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಲ್ಲಿ ಆಗ್ರಾದಿಂದ ಬೆಂಗಳೂರಿಗೆ ಬಂತು. ರೆಕ್ಕೆ, ಕಠಾರಿಯ ಜೊತೆಗೆ ಬಿಚ್ಚಿದ ಪ್ಯಾರಾಚೂಟ್ ಆ ರೆಜಿಮೆಂಟಿನ ಮುದ್ರೆ. ಮೂರು ದಶಕ ಕಳೆದರೂ ಬೆಂಗಳೂರಿಗರ ಮನಸ್ಸಿನ ಲಾಂಛನ ಕೆಂಪೇಗೌಡರ ಗೋಪುರವೇ. 2017ರ ಡಿಸೆಂಬರ್‌ನಲ್ಲಿ ಸರ್ಕಾರ ಆ ನಗರಕ್ಕೊಂದು ಹೊಸ ಲೋಗೊ ಬಿಡುಗಡೆ ಮಾಡಿತು. ಕನ್ನಡ, ಇಂಗ್ಲಿಷ್ ಅಕ್ಷರಗಳ ಆ ಲೋಗೊವನ್ನು ಇಂದು ಎಷ್ಟು ಮಂದಿ ನೆನಪಿನಿಂದ ಬಿಡಿಸಬಲ್ಲರು? ಮೇಲಿನಿಂದ ಕೊಟ್ಟ ಗುರುತು ಫಲಕದ ಮೇಲಿರುತ್ತದೆ, ಬಾಳಿನೊಳಗೆ ಇಳಿಯುವುದಿಲ್ಲ.

ಇನ್ನೂ ಗಂಭೀರವಾದ ಎಚ್ಚರಿಕೆ ಚಳ್ಳಕೆರೆಯದು. ಎಣ್ಣೆ ಮಿಲ್ಲುಗಳಿಂದ ‘ತೈಲ ನಗರಿ’ ಎನಿಸಿಕೊಂಡಿದ್ದ ಊರಿಗೆ ಈಗ ‘ವಿಜ್ಞಾನ ನಗರಿ’ ಎಂಬ ಹೆಸರು ಬಂದಿದೆ. 2024ರ ಮಾರ್ಚ್ 22ರಂದು ಇಸ್ರೊದ ಮರುಬಳಕೆಯ ನೌಕೆ ‘ಪುಷ್ಪಕ್’ ಅಲ್ಲಿಯ ಓಡುಹಾದಿಯ ಮೇಲೆ ತಾನಾಗಿಯೇ ಇಳಿದು, ಹಿಂದೆ ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸಿ ನಿಂತಿತು. ದೇಶಕ್ಕೆ ಹೆಮ್ಮೆಯ ಗಳಿಗೆಯೇ. ಆದರೆ ಅಲ್ಲಿಗೆ ಬಂದ ವಿಜ್ಞಾನ ಸಂಸ್ಥೆಗಳಿಗೆಲ್ಲ ಸೇರಿ ಹೋದದ್ದು 8,000 ಎಕರೆಗೂ ಹೆಚ್ಚು ಅಮೃತ ಮಹಲ್ ಕಾವಲು. ಕುರಿ, ದನ ಮೇಯಿಸಿ, ಕಂಬಳಿ ನೇಯ್ದು ಬದುಕುತ್ತಿದ್ದವರ ಹುಲ್ಲುಗಾವಲು ಅದು. ಅವರು ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ನಾಳೆ ಚಳ್ಳಕೆರೆಯ ಲಾಂಛನದಲ್ಲಿ ಪ್ಯಾರಾಚೂಟ್ ಬರೆದರೆ ನಾನು ಅದನ್ನು ವಿರೋಧಿಸುತ್ತೇನೆ. ವಸ್ತು ಒಂದೇ, ಊರಿನ ಪಾತ್ರ ಬೇರೆ. ಜಲಸಂಗಿಯಲ್ಲಿ ಜನ ಬಿದ್ದದ್ದನ್ನು ಕಾದುಕೊಟ್ಟರು, ಚಳ್ಳಕೆರೆಯಲ್ಲಿ ಜನರಿಂದ ನೆಲವನ್ನೇ ಪಡೆದರು. ತಾನು ಕಳೆದುಕೊಂಡದ್ದರ ಮೇಲೆ ಗೆದ್ದವನ ಮುದ್ರೆ ಒತ್ತಿಸಿಕೊಳ್ಳುವುದು ಯಾವ ಊರಿಗೂ ಗೌರವವಲ್ಲ.

ಜಲಸಂಗಿಯ ಬಗ್ಗೆಯೂ ಇದೇ ಪ್ರಶ್ನೆ ಕೇಳಬಹುದು. ಹೇಳದೆ ಕೇಳದೆ ಮನೆಯ ಮೇಲೆ ಬಂದು ಬಿದ್ದದ್ದನ್ನು ಯಾಕೆ ಮೆರೆಸಬೇಕು? ಒಳ್ಳೆಯ ಪ್ರಶ್ನೆ. ಲಾಂಛನದ ಬೆಲೆ ತಿಳಿಯುವುದು ಇಲ್ಲೇ. ಗಾಬರಿಗೊಂಡ ಊರಿನ ಮಾತು ಒಂದು ದಿನದ ಸುದ್ದಿಗೆ ಮುಗಿಯುತ್ತದೆ. ಈ ವಿಜ್ಞಾನದಲ್ಲಿ ನಾವೂ ಪಾಲುದಾರರು ಎಂದು ಲಿಖಿತವಾಗಿ ಹೇಳಿಕೊಂಡ ಊರಿಗೆ ಹಕ್ಕು ಹುಟ್ಟುತ್ತದೆ. ಹಾರಾಟಕ್ಕೆ ಮುಂಚೆ ಡಂಗುರ ಸಾರಿಸಿ ಎನ್ನಬಹುದು. ಮನೆ ಜಖಂ ಆದರೆ ಪರಿಹಾರ ಕೊಡಿ ಎನ್ನಬಹುದು. ಪೆಟ್ಟಿಗೆಯೊಳಗೆ ಏನಿತ್ತು, ಏನು ಸಿಕ್ಕಿತು ಎಂದು ನಮ್ಮ ಶಾಲೆಗೆ ಬಂದು ಕನ್ನಡದಲ್ಲಿ ಹೇಳಿ ಎನ್ನಬಹುದು.

ಇದೇ ಪರೀಕ್ಷೆಯನ್ನು ನಮ್ಮ ಮಾನ್ವಿ, ಸಿರವಾರ ಭಾಗಕ್ಕೆ ಹಚ್ಚಿದರೆ ಪ್ಯಾರಾಚೂಟ್ ಬರುವುದಿಲ್ಲ, ಬರಬೇಕೆಂಬ ಹಟವೂ ನನಗಿಲ್ಲ. ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಗೇಜ್. ಸುಮಾರು 227 ಕಿಲೋಮೀಟರ್ ಉದ್ದದ ಕಾಲುವೆಯ ಕೆಳಭಾಗದ ರೈತರಿಗೆ ‘69ನೇ ಮೈಲು’, ‘104ನೇ ಮೈಲು’ ಎಂಬವು ದೇವರ ಹೆಸರಿನಷ್ಟು ಬಾಯಿಪಾಠ. 104ನೇ ಮೈಲಿನಲ್ಲಿ 6 ಅಡಿ ಗೇಜ್ ನಿಲ್ಲಬೇಕು, ನಿಂತರೆ ಕೊನೆಯ ಹೊಲಕ್ಕೆ ನೀರು, ಇಲ್ಲದಿದ್ದರೆ ರಸ್ತೆ ತಡೆ. ಅಡಿಗಳ ಅಂಕಿ ಬರೆದ ಆ ಪಟ್ಟಿಯನ್ನು ಕಾಯ್ದು, ಲೆಕ್ಕ ಕೇಳಿ, ಬೀದಿಗಿಳಿದು ಹೋರಾಡಿದವರು ಈ ನಾಡಿನ ರೈತರು. ನಮ್ಮ ಪಂಚಾಯಿತಿಗಳ ಗೋಡೆಯ ಮೇಲೆ ಭತ್ತದ ತೆನೆ ಇದೆ, ಆ ತೆನೆಗೆ ನೀರು ತಂದ ಗೇಜ್ ಇಲ್ಲ. ಕೋಟೆಯ ಗೋಡೆಯಲ್ಲಿ ಕೋಣಬಂಡಿ ಗೀರಿದವರಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ.

ಆದ್ದರಿಂದ ಲಾಂಛನದ ತೀರ್ಮಾನ ಕಲಾವಿದನ ಮೇಜಿನಲ್ಲೋ ಇಲಾಖೆಯ ಟೆಂಡರಿನಲ್ಲೋ ಆಗಬಾರದು, ಗ್ರಾಮಸಭೆಯಲ್ಲಿ ಆಗಬೇಕು. ಸಭೆಯ ಮುಂದಿಡಬೇಕಾದ ಪ್ರಶ್ನೆ, ನಮ್ಮಲ್ಲಿ ಹಳೆಯದು ಏನಿದೆ ಎಂಬುದಾಗಬಾರದು, ನಾವು ಕೂಡಿ ಏನು ಮಾಡಿದ್ದೇವೆ ಎಂಬುದಾಗಬೇಕು. ಹೈದರಾಬಾದಿನ ವಿಜ್ಞಾನಿಗಳಲ್ಲೂ ನನ್ನದೊಂದು ಕೇಳಿಕೆಯಿದೆ. ನಿಮ್ಮ ಮುಂದಿನ ಸಂಶೋಧನಾ ಲೇಖನದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಪೆಟ್ಟಿಗೆ ಇಳಿದ ಊರಿನ ಹೆಸರು ಬರೆಯಿರಿ, ಅದಕ್ಕೆ ಒಂದು ರೂಪಾಯಿಯ ಖರ್ಚಿಲ್ಲ. ಜಲಸಂಗಿಯ ಹಿರಿಯರು ಒಪ್ಪುವುದಾದರೆ, ಶಾಸನ ಬರೆಯುವ ಶಿಲಾಬಾಲಿಕೆಯ ಮೇಲೆ ಬಿಚ್ಚಿದ ಪ್ಯಾರಾಚೂಟ್ ಇರುವ ಲಾಂಛನವನ್ನು ಪಂಚಾಯಿತಿಯ ಠರಾವು ಮಾಡಿ ಅಂಗೀಕರಿಸಲಿ. ಅವಳು ಅರಸನ ಕೀರ್ತಿಯನ್ನು ಆಗಲೇ ಬರೆದು ಮುಗಿಸಿದ್ದಾಳೆ. ಊರಿನವರ ಕೀರ್ತಿಯನ್ನು ಬರೆಯುವುದು ಊರಿನವರ ಕೆಲಸ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.